ಕಬಿನಿ ತುಂಬಿಸಬೇಕೋ, ಜಾಗ ಬಿಡಬೇಕೋ?

ನಂಜನಗೂಡು: ಕಪಿಲೆ ಉಕ್ಕಿ ಬಂದರೆ ‘ಮೊದಲೇ ಯಾಕ್ರೀ ನೀರು ಬಿಡಲಿಲ್ಲ?’ ಅನ್ನುವ ಜನವೇ, ಮಳೆ ಕೈಕೊಟ್ಟರೆ ‘ಇದ್ದ ನೀರನ್ನೂ ಯಾಕ್ರೀ ಬಿಟ್ರಿ?’ ಅನ್ನುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಯೇ. ಅಣೆಕಟ್ಟೆಯ ಇಂಜಿನಿಯರಿಗೆ ಮಾತ್ರ ಅತ್ತ ದರಿ, ಇತ್ತ ಪುಲಿ!

ಎಚ್.ಡಿ. ಕೋಟೆ ತಾಲ್ಲೂಕು ಬೀಚನಹಳ್ಳಿಯ ಕಬಿನಿ ಜಲಾಶಯದ ಪೂರ್ಣ ಮಟ್ಟ 2,284 ಅಡಿ. ಹಿಡಿಯುವ ನೀರು 19.52 ಟಿ.ಎಂ.ಸಿ. ಕನ್ನಂಬಾಡಿಯ 49.45ರ ಮುಂದೆ ಇದು ಸಣ್ಣ ಪಾತ್ರೆ. ಕೇರಳದ ವೈನಾಡಿನಲ್ಲಿ ಜಡಿಮಳೆ ಹಿಡಿದರೆ ಬೇಗ ತುಂಬಿ, ಬಾಗಿಲು ಎತ್ತಲೇಬೇಕು. 2018 ಮತ್ತು 2019ರಲ್ಲಿ ಆದದ್ದೇ ಅದು. ಹದಿನಾರು ಕಾಲು ಮಂಟಪ ಮುಳುಗಿತು. ಮಲ್ಲನಮೂಲೆ ಮಠದ ಹತ್ತಿರ ಹೊಳೆ ರಸ್ತೆಗೇ ಬಂತು, ಮೈಸೂರು ಬಸ್ಸುಗಳಿಗೆ ದಾರಿಯೇ ಇಲ್ಲ. 2023ರಲ್ಲಿ ನೋಡಿದರೆ ಬರ! ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪಟ್ಟಿಗೆ ಸೇರಿದವು.

ಹಳೇ ಮಳೆಲೆಕ್ಕ ಈಗ ನಡೆಯುವುದಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿದೀತು. ಸುರಿಯಲು ನಿಂತರೆ ಜೋರಾಗಿಯೇ ಸುರಿದೀತು. ಆದರೆ ಯಾವ ವರ್ಷ, ಯಾವ ವಾರ? ಪಂಚಾಂಗವೂ ಹೇಳದು, ಕಂಪ್ಯೂಟರೂ ತಿಂಗಳು ಮುಂಚೆ ಖಚಿತವಾಗಿ ಹೇಳದು.

ಹಾಗಂತ ಕೈಕಟ್ಟಿ ಕೂರುವುದೇ? ಜವಳಿ ಅಂಗಡಿಯವರು ಹಬ್ಬದ ಸರಕನ್ನೆಲ್ಲ ಒಂದೇ ಸಲ ತರಿಸುತ್ತಾರಾ? ಒಂದಷ್ಟು ತಂದು, ವ್ಯಾಪಾರ ನೋಡಿಕೊಂಡು ಮತ್ತೆ ತರಿಸುತ್ತಾರೆ. ನೀರಿಗೂ ಅದೇ ನ್ಯಾಯ. ಜುಲೈಯಲ್ಲಿ ಸ್ವಲ್ಪ ಜಾಗ ಬಿಡುವುದು, ಹವಾಮಾನ ಇಲಾಖೆಯ ಮಾತು ಕೇಳಿ ವಾರವಾರ ಲೆಕ್ಕ ಬದಲಿಸುವುದು, ಮಳೆಗಾಲದ ಕೊನೆಗೆ ತುಂಬಿಸಿಕೊಳ್ಳುವುದು.

ಆ ಮೇಲೆ ಮಳೆ ಬಾರದಿದ್ದರೆ? ನಷ್ಟವೇ ಸರಿ. ಬಿಳಿಗುಂಡ್ಲು ದಾಟಿದ ನೀರು ತಮಿಳುನಾಡಿನ ಲೆಕ್ಕ, ವಾಪಸ್ ಬರುವುದಿಲ್ಲ. ಅದಕ್ಕೇ ಕೆರೆಗಳ ಹೂಳು ಮೊದಲು ತೆಗೆಸಬೇಕು. ಬಿಡುವ ನೀರಿನಲ್ಲಿ ಒಂದು ಪಾಲಾದರೂ ತಾಲ್ಲೂಕಿನಲ್ಲೇ ನಿಲ್ಲಬೇಕು. ಹೂಳು ತೆಗೆದ ಕೆರೆ ಮಳೆ ಹೆಚ್ಚಾದರೂ ಲಾಭ, ಕಡಿಮೆಯಾದರೂ ಲಾಭ. ಇಂಥ ಕೆಲಸಕ್ಕೆ ಭವಿಷ್ಯ ಕೇಳುವ ಅಗತ್ಯವೇ ಇಲ್ಲ.

ಬಾಗಿಲು ಎತ್ತಿದ ದಿನ ಜಗಳ ಕಾಯುವ ಬದಲು, ಯಾವ ತಾರೀಕಿಗೆ ಎಷ್ಟು ಅಡಿ ನೀರು ಎಂಬುದನ್ನು ಮೇ ತಿಂಗಳಲ್ಲೇ ಬರೆದು ಬಸ್ ಸ್ಟ್ಯಾಂಡಿನಲ್ಲಿ ಅಂಟಿಸಲಿ. ಲೆಕ್ಕ ತಪ್ಪಿದರೆ ಮುಂದಿನ ವಾರ ತಿದ್ದಬಹುದು. ನೆನೆದ ಅಕ್ಕಿ ಮೂಟೆಯನ್ನು ತಿದ್ದೋಕಾಗಲ್ಲ!