ರಸ್ತೆ ಎಲ್ಲರದು, ನಕ್ಷೆ ಯಾರದು?

ಮನೆಯ ಮುಂದಿನ ರಸ್ತೆಯಲ್ಲಿ ನಡೆಯುವುದಕ್ಕೆ ನಾವು ಯಾರ ಅಪ್ಪಣೆಯನ್ನೂ ಬೇಡಬೇಕಾಗಿಲ್ಲ. ಅದರ ಉದ್ದವನ್ನು ಹೆಜ್ಜೆಯಿಂದ ಅಳೆದು, ತಿರುವುಗಳನ್ನು ಗುರುತಿಸಿ, ಕಾಗದದ ಮೇಲೆ ಗೆರೆ ಎಳೆದರೂ ಕೇಳುವವರಿಲ್ಲ. ಆದರೆ ಅದೇ ರಸ್ತೆಯನ್ನು ಸರಕಾರದವರು ಅಳೆದು ಬರೆದಿರುವ ನಕ್ಷೆಯಿಂದ ಎತ್ತಿಕೊಂಡೆವೆಂದರೆ ವಿಷಯವೇ ಬೇರೆಯಾಗುತ್ತದೆ. ರಸ್ತೆ ಕಣ್ಣಿಗೆ ಕಾಣುವ ಸಂಗತಿ, ಸಂಗತಿಗೆ ಒಡೆಯನಿಲ್ಲ. ನಕ್ಷೆಯಾದರೋ ಶ್ರಮಪಟ್ಟು ರಚಿಸಿದ ಕೃತಿ, ಅದಕ್ಕೆ ಸ್ವಾಮ್ಯವುಂಟು.

೨೦೦೪ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಎಂಬ ತರುಣ 'ಓಪನ್ ಸ್ಟ್ರೀಟ್ ಮ್ಯಾಪ್' ಎಂಬ ಮುಕ್ತ ನಕ್ಷೆಯನ್ನು ಆರಂಭಿಸಿದಾಗ ಎದುರಾದುದು ಈ ತೊಡಕೇ. ಯಾರು ಬೇಕಾದರೂ ಸೇರಿಸಬಹುದಾದ, ಯಾರು ಬೇಕಾದರೂ ಬಳಸಬಹುದಾದ ನಕ್ಷೆ ಅದು. ಆದರೆ ೧೭೯೧ರಿಂದ ಆ ದೇಶವನ್ನು ಅಳೆಯುತ್ತ ಬಂದ ಸರಕಾರಿ ಸಂಸ್ಥೆಯಾದ ಆರ್ಡ್ನನ್ಸ್ ಸರ್ವೆಯ ನಕ್ಷೆಗಳು 'ಕ್ರೌನ್ ಕಾಪಿರೈಟ್' ಎಂಬ ರಾಜಸ್ವಾಮ್ಯಕ್ಕೆ ಒಳಪಟ್ಟಿದ್ದುವು. ಪ್ರಕಟವಾದ ಮೇಲೆ ೫೦ ವರ್ಷ ಮುಟ್ಟುವಂತಿಲ್ಲ. ಅವುಗಳನ್ನು ನಕಲು ಮಾಡಿತೆಂಬ ವ್ಯಾಜ್ಯವನ್ನು ೨೦೦೧ರಲ್ಲಿ ಆಟೊಮೊಬೈಲ್ ಅಸೋಸಿಯೇಷನ್ ೨ ಕೋಟಿ ಪೌಂಡು ತೆತ್ತು ರಾಜಿಯಲ್ಲಿ ಮುಗಿಸಿತ್ತು. ರಸ್ತೆಯ ಅಗಲವನ್ನು ಚಿತ್ರಿಸುವ ಶೈಲಿಯಂಥ ಸಣ್ಣ ಗುರುತುಗಳೇ ನಕಲನ್ನು ಹಿಡಿದುಕೊಟ್ಟಿದ್ದುವು. ಆದುದರಿಂದ ಸ್ವಯಂಸೇವಕರು ಉಪಗ್ರಹಗಳಿಂದ ಸ್ಥಾನವನ್ನು ತಿಳಿಯುವ ಜಿಪಿಎಸ್ ಉಪಕರಣವನ್ನು ಹಿಡಿದು ಬೀದಿಬೀದಿ ಸೈಕಲ್ ತುಳಿದರು. ಇಲ್ಲವೆ ೫೦ ವರ್ಷ ಮೀರಿದ ಹಳೆಯ ನಕ್ಷೆಗಳನ್ನು ಹುಡುಕಿದರು. ಅವುಗಳಲ್ಲಿ ಹಳ್ಳಿಯ ದಾರಿಗಳು ಸಿಕ್ಕುತ್ತಿದ್ದುವು, ಮೋಟಾರ್‌ವೇ ಸಿಕ್ಕುತ್ತಿರಲಿಲ್ಲ. ಬ್ರಿಟನ್ನಿನ ಮೊದಲ ಮೋಟಾರ್‌ವೇ ತೆರೆದುದೇ ೧೯೫೮ರಲ್ಲಿ! ಸರ್ವೆಯವರು ಕೆಲವು ನಕ್ಷೆಗಳನ್ನು ಮುಕ್ತಗೊಳಿಸಿದುದು ೨೦೧೦ರ ಏಪ್ರಿಲಿನಲ್ಲಿ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಪರಿಸ್ಥಿತಿ ಬೇರೆ. ಅಲ್ಲಿನ ಕೇಂದ್ರ ಸರಕಾರ ತಾನು ರಚಿಸಿದ ಕೃತಿಗಳ ಮೇಲೆ ಆ ದೇಶದೊಳಗೆ ಕೃತಿಸ್ವಾಮ್ಯವನ್ನು ಹೊಂದುವಂತಿಲ್ಲ. ಜನಗಣತಿ ಇಲಾಖೆಯ 'ಟೈಗರ್' ಎಂಬ ರಸ್ತೆಗಳ ಸಂಗ್ರಹವನ್ನು ೨೦೦೭-೦೮ರಲ್ಲಿ ಸಾರಾಸಗಟಾಗಿ ಮುಕ್ತ ನಕ್ಷೆಗೆ ತುಂಬಿದರು. ಆದರೆ ಗಣತಿಯವರಿಗೆ ಬೇಕಾದುದು ಮನೆ ಬೀದಿಯ ಯಾವ ಮಗ್ಗುಲಿಗಿದೆ ಎಂಬುದಷ್ಟೆ. ಗೆರೆ ಕೊಂಚ ಸರಿದಿದ್ದರೂ ಅವರ ಕೆಲಸಕ್ಕೆ ಕುಂದಿಲ್ಲ. ಆ ತಪ್ಪುಗಳನ್ನು ಸ್ವಯಂಸೇವಕರು ವರ್ಷಗಟ್ಟಲೆ ತಿದ್ದಬೇಕಾಯಿತು.

ಪರವಾನಗಿ ದೊರೆತ ಮೇಲೂ ತೊಡಕು ಮುಗಿಯುವುದಿಲ್ಲ. ಕೊಡುವವನ ಷರತ್ತು ಪಡೆಯುವವನ ಷರತ್ತಿಗೆ ಹೊಂದಬೇಕಷ್ಟೆ. ಈಗ ಹಲವು ಸರಕಾರಗಳು ರಸ್ತೆಗಳ ದತ್ತಾಂಶವನ್ನು 'ಕ್ರಿಯೇಟಿವ್ ಕಾಮನ್ಸ್' ಪರವಾನಗಿಯ ಮೇಲೆ ಕೊಡುತ್ತಿವೆ: ಬೇಕಾದಂತೆ ಬಳಸಿರಿ, ನಮ್ಮ ಹೆಸರನ್ನು ಹೇಳಿರಿ. ಕೇಳುವುದಕ್ಕೆ ಎಷ್ಟು ಸುಲಭ! ಆದರೆ ಮುಕ್ತ ನಕ್ಷೆಗೆ ದಾನಿಗಳು ಬಹಳ ಮಂದಿ. ಅಂಗೈಯಗಲದ ನಕ್ಷೆಯ ಮೂಲೆಯಲ್ಲಿ ಅಷ್ಟು ಹೆಸರುಗಳಿಗೆ ಎಡೆಯೆಲ್ಲಿ? ಓಪನ್ ಸ್ಟ್ರೀಟ್ ಮ್ಯಾಪ್ ಅವುಗಳನ್ನು ತನ್ನ ಜಾಲತಾಣದ ಒಂದು ಪುಟದಲ್ಲಿ ಬರೆದಿಡುತ್ತದೆ. ದಾನಿಗೆ ಅಷ್ಟು ಸಾಕೆ? ಮತ್ತೊಂದು ಸೂಕ್ಷ್ಮವೂ ಉಂಟು. ಆ ಪರವಾನಗಿಯ ನಾಲ್ಕನೆಯ ಆವೃತ್ತಿ ದತ್ತಾಂಶಕ್ಕೆ ತಾಂತ್ರಿಕ ಬೀಗ ಹಾಕುವುದನ್ನು ನಿಷೇಧಿಸುತ್ತದೆ. ಮುಕ್ತ ನಕ್ಷೆಯ ಪರವಾನಗಿ, ಬೀಗವಿಲ್ಲದ ಪ್ರತಿಯೊಂದನ್ನು ಜೊತೆಗೆ ಕೊಡುವುದಾದರೆ, ಬೀಗವನ್ನು ಸಹಿಸುತ್ತದೆ. ಆದುದರಿಂದ ಈ ಎರಡು ಅಂಶಗಳಿಗೂ ಸರಕಾರದಿಂದ ಸ್ಪಷ್ಟವಾದ ಒಪ್ಪಿಗೆಯನ್ನು ಬರೆಸಿಕೊಂಡೇ ರಸ್ತೆಗಳನ್ನು ಸೇರಿಸಬೇಕೆಂದು ನಕ್ಷೆಯವರ ನಿಲುವು.

ಇದೆಲ್ಲ ವಕೀಲರ ಕೂದಲು ಸೀಳುವ ವಾದವೆಂದು ತೋರಬಹುದು. ನಮಗೂ ಮೊದಲು ಹಾಗೆಯೇ ತೋರಿತು. ೨೦೧೨ರಲ್ಲಿ ನಡೆದುದನ್ನು ನೋಡಿರಿ. ಮುಕ್ತ ನಕ್ಷೆಯ ಮೊದಲ ಪರವಾನಗಿ ಲೇಖನ, ಚಿತ್ರ ಮೊದಲಾದವುಗಳ ಅಳತೆಗೆ ಹೊಲಿದ ಅಂಗಿ, ದತ್ತಾಂಶಕ್ಕೆ ಸರಿಹೊಂದುತ್ತಿರಲಿಲ್ಲ. ಆ ವರ್ಷ ಅದನ್ನು ಬದಲಿಸಿದಾಗ, ಹೊಸ ಷರತ್ತಿಗೆ ಒಪ್ಪದವರು ಬರೆದಿದ್ದ ಗೆರೆಗಳನ್ನು ಅಳಿಸಬೇಕಾಯಿತು. ಆಸ್ಟ್ರೇಲಿಯ, ಪೋಲೆಂಡುಗಳಲ್ಲಿ ಬಹಳ ರಸ್ತೆಗಳು ನಕ್ಷೆಯಿಂದ ಮಾಯವಾದುವು. ಅವನ್ನು ಮತ್ತೆ ಬರೆಯಬೇಕಾಯಿತು. ರಸ್ತೆಗಳು ಮಾತ್ರ ಇದ್ದಲ್ಲಿಯೇ ಇದ್ದುವು!

ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯ ಶಾಸನದಂತೆ ಸರಕಾರಿ ಕೃತಿಗಳ ಮೇಲಿನ ಹಕ್ಕು ಪ್ರಕಟಣೆಯ ಅನಂತರ ೬೦ ವರ್ಷ ಉಳಿಯುತ್ತದೆ. ೨೦೧೭ರಲ್ಲಿ ಕೇಂದ್ರ ಸರಕಾರ ಮುಕ್ತ ದತ್ತಾಂಶಕ್ಕಾಗಿ ಒಂದು ಪರವಾನಗಿಯನ್ನು ಪ್ರಕಟಿಸಿತು. ೨೦೨೧ರ ಮಾರ್ಗಸೂಚಿಗಳು ಭಾರತೀಯರು ನಕ್ಷೆ ರಚಿಸಲು ಬೇಕಾಗಿದ್ದ ಪೂರ್ವಾನುಮತಿಯ ಕಟ್ಟನ್ನು ಬಹುಮಟ್ಟಿಗೆ ಸಡಿಲಿಸಿದುವು. ಆದರೆ ಅಳೆಯುವ ಸ್ವಾತಂತ್ರ್ಯ ಬೇರೆ, ಅಳೆದಿಟ್ಟುದನ್ನು ನಕಲು ಮಾಡುವ ಸ್ವಾತಂತ್ರ್ಯ ಬೇರೆ. ಓದುಗರಲ್ಲಿ ಯಾರಾದರೂ ತಮ್ಮೂರಿನ ಬೀದಿಯನ್ನು ಮುಕ್ತ ನಕ್ಷೆಗೆ ಸೇರಿಸಬಯಸಿದರೆ, ಇಲಾಖೆಯ ನಕ್ಷೆಯನ್ನು ತೆರೆದ ಕೂಡಲೆ ಅದರ ಪರವಾನಗಿಯನ್ನು ಹುಡುಕಬೇಕು. ಅದು ಕಾಣದಿದ್ದರೆ ಬೀದಿಗೇ ಹೋಗಿ, ಮೂಲೆಯ ಹಲಗೆಯ ಮೇಲಿನ ಹೆಸರನ್ನು ಬರೆದುಕೊಂಡು ಬರಬಹುದು. ಕನ್ನಡದ ಹೆಸರನ್ನು ಕನ್ನಡದಲ್ಲಿಯೇ ತುಂಬುವುದಕ್ಕೆ ಆ ನಕ್ಷೆಯಲ್ಲಿ ಬೇರೆ ಸ್ಥಳವೇ ಇದೆ.