ಸಿಪಿಯು ಡಬ್ಬದ ಹಿಂಬದಿ

ಯಳಂದೂರು ತಾಲ್ಲೂಕಿನ ಹೊನ್ನೂರಿನ ರೈತರು ಪಹಣಿಗೆಂದು ಸೇವಾ ಕೇಂದ್ರದ ಮೇಜಿನ ಮುಂದೆ ನಿಂತರೆ ಎದುರಿಗೆ ಕಾಣುವುದು ಮಾನಿಟರಿನ ಬೆನ್ನು, ವೈರುಗಳ ಗೋಜಲು. ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ‘ಭೂಮಿ’ ಯೋಜನೆ ಕಂಪ್ಯೂಟರಿಗೆ ಏರಿಸಿ ಎರಡು ದಶಕ ದಾಟಿದೆ. ಆದರೂ ಪ್ರಿಂಟರಿನ ಒಂದು ಪಿನ್ನು ಸಡಿಲವಾದರೆ ಕಾಗದ ಹೊರಬರುವುದಿಲ್ಲ.

ಆ ವೈರುಗಳು ಸೇರುವ ಸಿಪಿಯು ಡಬ್ಬದ ಹಿಂಬದಿಯನ್ನು ರೂಪಿಸಿದವರು ನಮ್ಮ ಅವಸರವನ್ನು ಮೊದಲೇ ಊಹಿಸಿದ್ದರು. ಮಾನಿಟರಿನ ನೀಲಿ ವಿಜಿಎ ಪಿನ್ನನ್ನೇ ನೋಡಿ. 1987ರಲ್ಲಿ ಐಬಿಎಂ ತಂದದ್ದು. 15 ಕಡ್ಡಿ, ಒಂದು ಅಂಚು ಉದ್ದ, ಇನ್ನೊಂದು ಗಿಡ್ಡ. ತಲೆಕೆಳಗೆ ಹಿಡಿದರೆ ಒಳಹೋಗದು. ಅದರ ಎರಡು ತಿರುಪುಗಳನ್ನು ಬಿಗಿಯುವ ತಾಳ್ಮೆ ಮಾತ್ರ ಯಾರಿಗೂ ಇಲ್ಲ! ಕೆಂಪು, ಹಸಿರು, ನೀಲಿಗೆ ಬೇರೆಬೇರೆ ಕಡ್ಡಿಗಳಿರುವುದರಿಂದ, ಪರದೆ ಇದ್ದಕ್ಕಿದ್ದಂತೆ ಹಳದಿಯಾದರೆ ನೀಲಿಯ ಕಡ್ಡಿ ತಪ್ಪಿರಬಹುದು, ನೇರಳೆಗೆಂಪಾದರೆ ಹಸಿರಿನದು. ಮಾನಿಟರನ್ನು ಕೊಳ್ಳೇಗಾಲಕ್ಕೆ ರಿಪೇರಿಗೆ ಹೊರುವ ಮುನ್ನ ಆ ತಿರುಪುಗಳನ್ನು ಬಿಗಿದು ನೋಡಿ.

ಹಳೆಯ ಕೀಬೋರ್ಡ್, ಮೌಸುಗಳ ದುಂಡು ಪಿನ್ನುಗಳಲ್ಲಿ ಆಕಾರದ ಈ ಉಪಾಯ ನಡೆಯಲಿಲ್ಲ. ಎರಡಕ್ಕೂ ಒಂದೇ ಆಕಾರ, ಅದೇ 6 ಕಡ್ಡಿ. ಅದಕ್ಕೇ ಮೈಕ್ರೋಸಾಫ್ಟ್ ಮತ್ತು ಇಂಟೆಲ್‌ನ ‘ಪಿಸಿ 99’ ನಿಯಮಾವಳಿ ಕೀಬೋರ್ಡಿಗೆ ನೇರಳೆ, ಮೌಸಿಗೆ ಹಸಿರು ಬಣ್ಣ ಹಚ್ಚಿತು.

1996ರಲ್ಲಿ ಬಂದ ಯುಎಸ್‌ಬಿ ಹಲವು ಸಾಧನಗಳಿಗೆ ಒಂದೇ ಬಗೆಯ ಬಾಯಿ ಕೊಟ್ಟು, ಗುರುತು ಹಿಡಿಯುವ ಕೆಲಸವನ್ನು ಕಂಪ್ಯೂಟರಿಗೇ ವಹಿಸಿತು. ಅದರ ಚಪ್ಪಟೆ ಪಿನ್ನಿನೊಳಗೆ ಇಣುಕಿ: ನಾಲ್ಕು ಹಿತ್ತಾಳೆಬಣ್ಣದ ಪಟ್ಟಿಗಳಲ್ಲಿ ಅಂಚಿನ ಎರಡು ತುಸು ಉದ್ದ. ಅವು 5 ವೋಲ್ಟ್ ವಿದ್ಯುತ್ತಿನವು. ಮೊದಲು ತಾಗುವುದೂ ಕೊನೆಗೆ ಬಿಡುವುದೂ ಅವೇ. ಹಾಗಾಗಿ ಸಿಸ್ಟಂ ಓಡುತ್ತಿರುವಾಗಲೇ ಚುಚ್ಚಿ ಕೀಳಬಹುದು. ಕರೆಂಟು ಸಿಕ್ಕಿದ ಸಾಧನ ನಡುವಿನ ಎರಡು ತಂತಿಗಳಲ್ಲಿ ಒಂದರ ವೋಲ್ಟೇಜನ್ನು ಮೇಲೆತ್ತುತ್ತದೆ. ಯಾವ ತಂತಿ ಎದ್ದಿತು ಎಂಬುದರಿಂದಲೇ ಬಂದದ್ದು ನಿಧಾನದ ಕೀಬೋರ್ಡಿನಂಥದ್ದೋ, ವೇಗದ ಪ್ರಿಂಟರಿನಂಥದ್ದೋ ಎಂಬ ಸುಳಿವು ಸಿಗುತ್ತದೆ. ಆಮೇಲೆ ಅದಕ್ಕೆ 1ರಿಂದ 127ರೊಳಗಿನ ಒಂದು ವಿಳಾಸ ಕೊಟ್ಟು ವಿಚಾರಣೆ: ನೀನ್ಯಾರು, ತಯಾರಿಸಿದವರು ಯಾರು, ಎಷ್ಟು ಕರೆಂಟು ಬೇಕು? ಕೀಬೋರ್ಡು, ಮೌಸುಗಳ ಜಾತಿ ಕಂಪ್ಯೂಟರಿಗೆ ಮೊದಲೇ ಗೊತ್ತು. ಪಡಿತರಕ್ಕೆ, ಆಧಾರಕ್ಕೆ ಬಳಸುವ ಬೆರಳಚ್ಚು ಯಂತ್ರಕ್ಕೆ ಹಾಗಲ್ಲ, ಅದರ ಕಂಪನಿಯ ಡ್ರೈವರ್ ತಂತ್ರಾಂಶ ಹಾಕಲೇಬೇಕು.

ಡ್ರೈವರ್ ಇದ್ದೂ ಯಂತ್ರ ಆಗಾಗ ಮಾಯವಾಗುತ್ತಿದ್ದರೆ ಡಬ್ಬದ ಮುಂಭಾಗದಿಂದ ಕಿತ್ತು ಹಿಂದಕ್ಕೆ ಚುಚ್ಚಿ ನೋಡಿ. ಹಿಂದಿನ ಪೋರ್ಟುಗಳು ಮದರ್‌ಬೋರ್ಡಿಗೇ ಬೆಸುಗೆಯಾದವು. ಮುಂದಿನವಕ್ಕೆ ಕರೆಂಟು ಹೋಗುವುದು ಒಳಗಿನ ಇನ್ನೊಂದು ವೈರಿನಲ್ಲಿ, ಅಲ್ಲಿಯೂ ಸಡಿಲ ಇರಬಹುದು.

ಇನ್ನು ನೆಟ್‌ವರ್ಕ್ ವೈರು. ಅದರ 8 ತಂತಿಗಳನ್ನು ಜೋಡಿಜೋಡಿಯಾಗಿ ಹೊಸೆದಿರುವುದು ಹೊರಗಿನ ವಿದ್ಯುತ್ ಗದ್ದಲ ಒಳನುಗ್ಗದಿರಲೆಂದು. ಸಿಡಿಲನ್ನು ತಡೆಯುವ ಶಕ್ತಿ ಆ ಹೊಸೆತಕ್ಕಿಲ್ಲ. ಬಿಳಿಗಿರಿರಂಗನ ಬೆಟ್ಟದ ಕಡೆ ಗುಡುಗು ಶುರುವಾದರೆ ಪವರ್ ಪ್ಲಗ್ಗಿನ ಜೊತೆ ಈ ವೈರನ್ನೂ ಕೀಳಬೇಕು. ಸ್ವಿಚ್ ಆರಿಸಿದರೆ ಸಾಲದು. ಗುಡುಗು ತಲೆಯ ಮೇಲೆಯೇ ಬಂದಿದ್ದರೆ ಯಾವ ವೈರನ್ನೂ ಮುಟ್ಟದೆ ದೂರ ಕೂರುವುದು ಒಳ್ಳೆಯದು.