ಗಾಲಿಮನೆಯ ಓವನ್ನು

ಅಮೆರಿಕೆಯ ಕೊಲೊರಾಡೊ ಸಂಸ್ಥಾನದಲ್ಲಿ, ಸಮುದ್ರಮಟ್ಟದಿಂದ ಸುಮಾರು 3,100 ಮೀಟರ್ ಎತ್ತರದಲ್ಲಿರುವ ಲೆಡ್‌ವಿಲ್ ಎಂಬ ಊರಿನ ಸಮೀಪ, ಮಗಳೂ ಅಳಿಯನೂ ಬಾಡಿಗೆಗೆ ತಂದಿದ್ದ ಗಾಲಿಮನೆಯಲ್ಲಿ ನಾವು ಬೀಡುಬಿಟ್ಟಿದ್ದ ಒಂದು ಸಂಜೆ, ಮುಸುಕಿನ ಜೋಳದ ಬ್ರೆಡ್ಡು ತಳದಲ್ಲಿ ಇದ್ದಿಲಾಗಿಯೂ ನೆತ್ತಿಯಲ್ಲಿ ಹಸಿಹಸಿಯಾಗಿಯೂ ಹೊರಬಂದುದನ್ನು ಕಂಡ ಮೇಲೆ, ಆ ಪುಟ್ಟ ಓವನ್ನಿನ ಅಂತರಂಗವನ್ನು ಪರೀಕ್ಷಿಸಬೇಕೆಂಬ ಕುತೂಹಲ ನನ್ನಲ್ಲಿ ಹುಟ್ಟಿತು. "ಹೊತ್ತು ಸರಿಯಾಗಿಯೇ ನೋಡಿದ್ದೆನಲ್ಲಪ್ಪಾ!" ಎಂದು ಮಗಳು ಗಡಿಯಾರವನ್ನು ಸಾಕ್ಷಿಗೆ ಕರೆದಳು.

ಬಾಗಿಲು ತೆರೆದು ಬಗ್ಗಿ ನೋಡಿದರೆ ಕಾಣುವುದು ಇಷ್ಟೆ: ತಳದ ನಡುವೆ ಹಿಂದಿನಿಂದ ಮುಂದಕ್ಕೆ ಚಾಚಿದ, ಮೈಯೆಲ್ಲ ತೂತಾದ ಒಂದೇ ಕೊಳವೆ, ಅದರ ಮೇಲೊಂದು ತೆಳುವಾದ ಉಕ್ಕಿನ ತಗಡು, ಅಲ್ಲಿಂದ ಕೆಲವೇ ಅಂಗುಲ ಮೇಲೆ ಪಾತ್ರೆಯಿಡುವ ಕಂಬಿಗಳು. ಉರುವಲು ಪ್ರೊಪೇನ್. ಸೊನ್ನೆಗಿಂತ 42 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುವ ದ್ರವವಾದುದರಿಂದ ಪರ್ವತದ ಚಳಿಯಲ್ಲಿಯೂ ಅದು ಸಿಲಿಂಡರಿನೊಳಗೆ ತಾನಾಗಿಯೇ ಅನಿಲವಾಗುತ್ತದೆ. ತಿರುಪನ್ನು ತಿರುಗಿಸಿದೊಡನೆ ಒಲೆ ಹೊತ್ತಿಕೊಳ್ಳುವುದಿಲ್ಲ. ಮೊದಲು ಮೂಲೆಯ ಪೈಲಟ್ ಜ್ವಾಲೆ ಹಿಗ್ಗಿ, ಪಕ್ಕದ ಲೋಹದ ಗುಂಡನ್ನು ಕಾಯಿಸಿ, ಆ ಬಿಸಿಗೆ ಕವಾಟ ತೆರೆದ ಬಳಿಕವೇ ಕೊಳವೆಗೆ ಅನಿಲ ಹರಿಯುತ್ತದೆ. ಪೈಲಟ್ ನಂದಿದ್ದರೆ ಕವಾಟವೂ ಮುಚ್ಚಿಯೇ ಇರುತ್ತದೆ. ಈ ತಡವನ್ನು ಕಂಡು ಅವಸರಪಟ್ಟು ಬೆಂಕಿಕಡ್ಡಿ ಗೀರಿದವನು ನಾನೇ.

ದೋಷವಿರುವುದು ಜಾಗದ ಸಂಕೋಚದಲ್ಲಿ. ಜ್ವಾಲೆಯ ನೇರಕ್ಕಿರುವ ತಗಡಿನ ಪಟ್ಟೆ ಕಾದು, ತನ್ನ ವಿಕಿರಣವನ್ನೆಲ್ಲ ಪಾತ್ರೆಯ ತಳಕ್ಕೆ ಎರಚುತ್ತದೆ. ಬಿಸಿಗಾಳಿಯಾದರೋ ಬದಿಗಳಿಂದ ಮೇಲೇರಿ, ತಿರುಗಿಸುವ ಫ್ಯಾನಿಲ್ಲದ ಕಾರಣ ಹಿಂಗಿಂಡಿಗಳಿಂದ ಹೊರಟುಹೋಗುತ್ತದೆ. 1912ರಲ್ಲಿ ಫ್ರಾನ್ಸಿನ ರಸಾಯನಜ್ಞ ಮೈಯಾರ್ ವಿವರಿಸಿದ, ಸಕ್ಕರೆಗೂ ಅಮೈನೋ ಆಮ್ಲಗಳಿಗೂ ನಡೆಯುವ ಕ್ರಿಯೆಯಿಂದ ಮೇಲ್ಮೈ ಚೆನ್ನಾಗಿ ಹೊಂಬಣ್ಣಕ್ಕೆ ತಿರುಗಬೇಕಾದರೆ ಅಲ್ಲಿ ಸುಮಾರು 140 ಡಿಗ್ರಿ ಶಾಖ ಬೇಕು. ಹಿಟ್ಟಿನ ನೀರು ಆರುತ್ತಿರುವಷ್ಟು ಕಾಲ ಆ ಮೇಲ್ಮೈ, ನೀರು ಸುಮಾರು 90 ಡಿಗ್ರಿಗೇ ಕುದಿಯುವ ಲೆಡ್‌ವಿಲ್ಲಿನಲ್ಲಿ, ಅಷ್ಟರ ಆಸುಪಾಸಿನಲ್ಲೇ ತಡೆದು ನಿಲ್ಲುತ್ತದೆ.

ಇದಕ್ಕಿಂತ ಹಳಬರೇ ಜಾಣರೆನ್ನಬೇಕು. 1866ರಲ್ಲಿ ಟೆಕ್ಸಾಸಿನ ಚಾರ್ಲ್ಸ್ ಗುಡ್‌ನೈಟ್ ದನಗಾಹಿಗಳಿಗಾಗಿ ಸಜ್ಜುಗೊಳಿಸಿದ ಅಡುಗೆಬಂಡಿಯ ಪರಂಪರೆಯಲ್ಲಿ, ಬೀಡುಕಬ್ಬಿಣದ ದಪ್ಪ ಪಾತ್ರೆಯ ಕೆಳಗೂ, ಅಂಚು ಕಟ್ಟಿದ ಮುಚ್ಚಳದ ಮೇಲೂ ಕೆಂಡ ಹರವಿ ರೊಟ್ಟಿ ಬೇಯಿಸುತ್ತಿದ್ದರು. ನಮ್ಮ ಕರಾವಳಿಯ ಅಜ್ಜಿಯರೂ ಸೌತೆಕಾಯಿಯ ಸಿಹಿಗೆ ಮಾಡುತ್ತಿದ್ದುದು ಅದನ್ನೇ.

ನಮಗೆ ಪರಿಹಾರ ದೊರೆತದ್ದು ಪಕ್ಕದ ಗಾಲಿಮನೆಯ ವೃದ್ಧೆಯೊಬ್ಬರಿಂದ. ಮೆರುಗಿಲ್ಲದ, ಬೆರಳು ದಪ್ಪದ ಸುಟ್ಟಮಣ್ಣಿನ ಬಿಲ್ಲೆಯೊಂದನ್ನು ಅವರು ತಂದು ತಗಡಿನ ಮೇಲಿಟ್ಟು, ಗಾಳಿ ಮೇಲೇರಲೆಂದು ಸುತ್ತಲೂ ಒಂದು ಅಂಗುಲ ಸಂದು ಬಿಡಿಸಿದರು. ಉಕ್ಕಿನಷ್ಟು ಬೇಗ ಶಾಖವನ್ನು ದಾಟಿಸದ ಈ ಬಿಲ್ಲೆಯಲ್ಲಿ, ನಡುವೆ ಬಿದ್ದ ಬಿಸಿ ಮೇಲ್ಮುಖಕ್ಕೆ ಬರುವ ಮುನ್ನ ಅಕ್ಕಪಕ್ಕಕ್ಕೂ ಹರಡಿಕೊಳ್ಳುತ್ತದೆ. ಬಾಗಿಲು ತೆರೆದಾಗ ಗಾಳಿ ತಣಿದರೂ ಬಿಲ್ಲೆಯ ಕಾವು ತಣಿಯದು. ಅರ್ಧ ಗಂಟೆ ಮುಂಚಿತವಾಗಿ ಕಾಯಿಸಿ, ಕಂಬಿಯನ್ನು ಒಂದು ಮೆಟ್ಟಿಲು ಮೇಲೇರಿಸಿ, ನಡುಹೊತ್ತಿನಲ್ಲಿ ಪಾತ್ರೆಯನ್ನು ತಿರುಗಿಸಿಟ್ಟುದರಿಂದ, ಎರಡನೆಯ ಬ್ರೆಡ್ಡಿನ ಅಂಚು ಜೇನಿನ ಬಣ್ಣಕ್ಕೆ ಬಂದಿತು. ಹಿಂಬದಿಯ ಒಂದು ಮೂಲೆ ಮಾತ್ರ ಕೊಂಚ ಕಪ್ಪು.

ಆ ವೇಳೆಗೆ ಕಿಟಕಿಯ ಗಾಜಿನ ಮೇಲೆಲ್ಲ ನೀರು ಇಳಿಯುತ್ತಿದ್ದಿತು. ಅದೆಲ್ಲ ಬ್ರೆಡ್ಡಿನದಲ್ಲ, ಒಂದು ಕಿಲೋಗ್ರಾಂ ಪ್ರೊಪೇನ್ ಉರಿದರೆ 1.6 ಕಿಲೋಗ್ರಾಮಿನಷ್ಟು ನೀರಾವಿ ಹುಟ್ಟುತ್ತದೆ. ಗಾಳಿ ಸಾಲದಿದ್ದರೆ ವಾಸನೆಯಿಲ್ಲದ ವಿಷವಾದ ಕಾರ್ಬನ್ ಮೊನಾಕ್ಸೈಡೂ ಹುಟ್ಟುವುದರಿಂದ, ಓವನ್ ಉರಿಯುವಷ್ಟು ಹೊತ್ತೂ ಚಾವಣಿಯ ಗವಾಕ್ಷವನ್ನು ತೆರೆದೇ ಇಡಬೇಕು; ಚಳಿ ಕಾಯಿಸಲು ಅದನ್ನು ಹಚ್ಚಲೇಕೂಡದು. ನಾವು ಶಾಲು ಹೊದ್ದು ಉಂಡೆವು.

ವೃದ್ಧೆ ಬಿಲ್ಲೆಯನ್ನು ಮರಳಿ ಪಡೆಯಲೊಪ್ಪಲಿಲ್ಲ. ಮರುದಿನ ಕಣಿವೆಯಿಳಿಯುವಾಗ ಅದು ಪ್ರತಿ ತಿರುವಿನಲ್ಲಿಯೂ ಓವನ್ನಿನೊಳಗೆ ಗಡಗಡಿಸತೊಡಗಿದುದರಿಂದ, ಗಾಡಿ ನಿಲ್ಲಿಸಿ, ಟವೆಲ್ಲು ಸುತ್ತಿ, ನನ್ನ ಹಾಸಿಗೆಯ ಮೇಲೆಯೇ ಅದನ್ನು ಮಲಗಿಸಬೇಕಾಯಿತು.